ಅಗ್ಗಿಷ್ಟಿಕೆಯ ಅಳತೆ

ತಾರಸಿಯ ಮೇಲೊಂದು ಇಟ್ಟಿಗೆಯ ಅಗ್ಗಿಷ್ಟಿಕೆ ಕಟ್ಟಿಸಿ, ಗೆಳೆಯರ ಜೊತೆ ಸುತ್ತ ಕೂತು ಚಳಿ ಕಾಯಿಸಬೇಕೆಂಬುದು ಗಂಡನ ಆಸೆ. ಅದರ ಚಿತ್ರ ಬರೆದುಕೊಟ್ಟವಳು ಅವಳು. ಯಾವುದಕ್ಕೂ ಒಪ್ಪದ ಅತ್ತೆ ಇದಕ್ಕೆ ಮಾತ್ರ ಬೇಡವೆನ್ನಲಿಲ್ಲ. ಅವಳಿಗೆ ಅನುಮಾನ ಹುಟ್ಟಿದ್ದೇ ಆಗ.

ಇಷ್ಟಪಟ್ಟು ಮದುವೆಯಾಗಿ ಬಂದ ದಿನದಿಂದ ಅತ್ತೆ ಅವಳನ್ನು ನೇರವಾಗಿ ಮಾತಾಡಿಸಿರಲಿಲ್ಲ. ಏನಿದ್ದರೂ ಮಗನ ಮೂಲಕವೇ. ತವರಿನವರಂತೂ ಬಾಗಿಲು ಮುಚ್ಚಿಕೊಂಡಿದ್ದರು. ಈಗ ಅವಳು ಏಳು ತಿಂಗಳ ಬಸುರಿಯಾದರೂ ‘ಹೇಗಿದ್ದೀಯ’ ಎಂದು ಕೇಳದ ಅತ್ತೆ, ದಿನವೂ ನೋಯುವ ಮೊಣಕಾಲು ಹಿಡಿದುಕೊಂಡು ತಾರಸಿ ಹತ್ತಿ ಗಾರೆಯವನ ಜೊತೆ ಪಿಸುಗುಡುತ್ತಿದ್ದರು. ಅವಳು ಕಂಡೊಡನೆ ಮಾತು ನಿಲ್ಲುತ್ತಿತ್ತು.

ಕೆಲಸ ಮುಗಿದಾಗ ಅಗ್ಗಿಷ್ಟಿಕೆ ಅವಳು ಬರೆದಂತಿರಲಿಲ್ಲ. ಬಾಯಿ ಕಿರಿದಾಗಿತ್ತು, ಮುಂದೊಂದು ಕಿಂಡಿ ಬೇರೆ.

“ಯಾರು ಬದಲಾಯಿಸಿದ್ದು?”

ಗಾರೆಯವನು ತಲೆ ಕೆರೆದುಕೊಂಡ. “ದೊಡ್ಡಮ್ಮಾವ್ರು ದಾರದಲ್ಲಿ ಅಳತೆ ಕೊಟ್ರು ಕಣಕ್ಕ. ನಿಮ್ಗೆ ಹೇಳ್ಬೇಡ ಅಂದವ್ರೆ.”

ಅವಳು ಕೆಳಗಿಳಿದು ಗಂಡನ ಮೇಲೆ ಹರಿಹಾಯ್ದಳು. “ನಾನು ಮಾಡಿದ್ದು ಯಾವುದೂ ನಿಮ್ಮಮ್ಮಂಗೆ ಆಗ್ಬರಲ್ಲ. ಬೇಕಂತಲೇ ಕೆಡಿಸಿದಾರೆ.”

“ಇರು, ನಾನು ಕೇಳ್ತೀನಿ.”

“ಬೇಡ. ಇವತ್ತು ನಾನೇ ಕೇಳ್ತೀನಿ.”

ಸಂಜೆ ಏದುಸಿರು ಬಿಡುತ್ತ ಮತ್ತೆ ಮೆಟ್ಟಿಲು ಹತ್ತಿದಳು. ಅತ್ತೆ ನೀರಿನ ಟ್ಯಾಂಕಿನ ಪಕ್ಕ ಕೂತು, ಅಟ್ಟದಲ್ಲಿದ್ದ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು.

“ಅತ್ತೆ, ಏನಿದೆಲ್ಲ?”

ಅತ್ತೆ ಹಂಡೆಯನ್ನೆತ್ತಿ ಅಗ್ಗಿಷ್ಟಿಕೆಯ ಮೇಲಿಟ್ಟರು. ಅದು ಅಳತೆಗೆ ಸರಿಯಾಗಿ ಕೂತಿತು.

“ಬಾಣಂತಿ ಸ್ನಾನಕ್ಕೆ ಗೀಸರ್ ನೀರು ಸಾಲಲ್ಲ ಕಣೇ.”