ಡಾರ್ಕಸ್ ಸುಳ್ಳು ಹೇಳುವುದಿಲ್ಲ

"ಮೈಲ್ಸ್ ಕೊಟ್ಟಿಗೇಲಿದಾನಾ?" ಪೇದೆ ರೋಲಂಡ್ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ಕೇಳಿದ.

"ಇಲ್ಲ" ಎಂದಳು ಡಾರ್ಕಸ್.

"ಆಣೆ ಇಡು."

"ಕ್ವೇಕರ್‌ಗಳು ಆಣೆ ಇಡಲ್ಲ, ನಿಂಗೊತ್ತು. ಇಲ್ಲ ಅಂದ್ರೆ ಇಲ್ಲ."

ಕೊಟ್ಟಿಗೆಯ ಕಡೆ ಹೊರಟಿದ್ದ ಇಬ್ಬರು ಸಿಪಾಯಿಗಳನ್ನು ರೋಲಂಡ್ ತಡೆದ. "ಬನ್ರೋ ಈಚೆ. ಈ ಜನ ಸತ್ರೂ ಸುಳ್ಳು ಹೇಳಲ್ಲ. ಸುಮ್ನೆ ಯಾಕೆ ಸಗಣಿ ತುಳೀತೀರಾ?"

ಡಾರ್ಕಸ್‌ಗೆ ಉಸಿರು ಬಂತು. ಕ್ವೇಕರ್ ಪಂಥದವರ ರೀತಿಯಲ್ಲಿ ಪಾದ್ರಿಯಿಲ್ಲದೆ ಮೌನವಾಗಿ ಕೂತು ಪ್ರಾರ್ಥಿಸಿದ ತಪ್ಪಿಗೆ ಮೈಲ್ಸ್ ಎರಡು ಸಲ ಜೈಲು ಕಂಡಿದ್ದ. ಮೂರನೇ ಸಲ ಸಿಕ್ಕಿದರೆ ಹಡಗು ಹತ್ತಿಸಿ ಜಮೈಕಾಕ್ಕೆ ಅಟ್ಟುತ್ತಾರೆ. ಬರುವ ಭಾನುವಾರ ಅವನೂ ಅವಳೂ ತಮ್ಮವರ ನಡುವೆ ಎದ್ದು ನಿಂತು, ಕೈ ಹಿಡಿದು, ಗಂಡಹೆಂಡತಿ ಆಗುವವರಿದ್ದರು.

"ಗಿರಣೀಲಿದಾನಾ?"

"ಇಲ್ಲ." ಈ ಸಲ ದನಿ ಇನ್ನೂ ಗಟ್ಟಿಯಾಗಿತ್ತು. ಅದೂ ನಿಜವೇ ತಾನೆ.

"ಉಣ್ಣೆ ಅಟ್ಟದಲ್ಲಿ?"

ಡಾರ್ಕಸ್ ಬಾಯಿ ತೆರೆದಳು. ಅದೇ ಎರಡಕ್ಷರ ಸಾಕಿತ್ತು. ಹುಟ್ಟಿದಾಗಿನಿಂದ ಸುಳ್ಳಾಡದ ನಾಲಿಗೆ ಹೊರಳಲಿಲ್ಲ. ಮೊದಲ ಪ್ರಶ್ನೆಗೇ ಬಾಯಿ ಮುಚ್ಚಿಕೊಂಡಿರಬೇಕಿತ್ತೆಂದು ಅವಳಿಗೆ ಈಗ ಹೊಳೆಯಿತು.

ರೋಲಂಡ್ ಅವಸರಪಡಲಿಲ್ಲ. ಅವರ ಪ್ರಾರ್ಥನೆಗೇ ಬಂದವನಂತೆ, ಆ ಮೌನ ಮುಗಿಯುವವರೆಗೂ ಕೈಕಟ್ಟಿ ನಿಂತಿದ್ದ. ಯಾವ ದೊರೆಯ ಮುಂದೆಯೂ ಟೋಪಿ ತೆಗೆಯದ ಜನ ಅವಳದು. ಅವನು ತನ್ನ ಟೋಪಿಯನ್ನು ಮೆಲ್ಲಗೆ ತೆಗೆದು ಎದೆಗೊತ್ತಿಕೊಂಡು, ಅವಳ ಮುಂದೆ ಸೊಂಟ ಬಗ್ಗಿಸಿದ.

"ಬೇಟೆನಾಯಿಗಿಂತ ನೀನೇ ವಾಸಿ ಕಣಮ್ಮ" ಎಂದ. ಆಮೇಲೆ ಸಿಪಾಯಿಗಳ ಕಡೆ ತಿರುಗಿದ. "ಏಣಿ ತನ್ರೋ."