ಕೊಟ್ಟ ಜೋಗುಳ

ಬಸ್ ಕಂಡಕ್ಟರ್ ರುದ್ರವ್ವನ ಗರ್ಭಕೋಶದಿಂದ ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಬೇಕಿತ್ತು. ನರ್ಸ್ ಎಂದಿನಂತೆ ಕೇಳಿದಳು, "ಯಾವ ಹಾಡು ಕೊಡ್ತೀರಿ, ಅಕ್ಕಾರ?"

ರೋಗಿ ಕಿವಿಗೆ ಆಸ್ಪತ್ರೆಯ ಯಂತ್ರ ಹಾಕಿಕೊಂಡು ತನ್ನ ಪ್ರೀತಿಯ ಹಾಡೊಂದನ್ನು ಗುನುಗಿದರೆ ನೋವು ತಿಳಿಯುತ್ತಿರಲಿಲ್ಲ. ಆದರೆ ಆ ಹಾಡು ಮತ್ತೆಂದೂ ನೆನಪಿಗೆ ಬರುತ್ತಿರಲಿಲ್ಲ.

ರುದ್ರವ್ವ ಹೋದ ಸಲ ತನ್ನ ಮದುವೆಯ ಸೋಬಾನೆ ಕೊಟ್ಟಿದ್ದಳು. ಅದಕ್ಕೇನೂ ಬೇಸರವಿರಲಿಲ್ಲ. ಈಗ ಉಳಿದದ್ದು ಮಗಳಿಗೆ ಹಾಡುತ್ತಿದ್ದ ಜೋಗುಳವೊಂದೇ.

"ಅದನ್ನ ಕೊಡೂದಿಲ್ರೀ. ಹಂಗ ತಡ್ಕೋತೀನಿ," ಎಂದಳು.

ಪಕ್ಕದಲ್ಲಿ ನಿಂತಿದ್ದ ಮಗಳು ಭುವನಾ ಕೈ ಹಿಡಿದಳು. "ಕೊಡವ್ವ. ಅದನ್ನ ಕೇಳಕೋತನ ಬೆಳದಾಕಿ ನಾ. ನಂಗ ಪೂರಾ ಬರ್ತದ."

ರುದ್ರವ್ವ ಮಗಳ ಮುಖವನ್ನೇ ನೋಡುತ್ತ ಕೊನೆಯ ಸಲ ಜೋಗುಳ ಗುನುಗಿದಳು. ನೋವಾಗಲಿಲ್ಲ.

ಮಧ್ಯಾಹ್ನ ಮನೆಗೆ ಹೋಗುವ ಬಸ್ಸಿನಲ್ಲಿ ಭುವನಾ ಅದನ್ನು ಮೆಲ್ಲಗೆ ಹಾಡಿದಳು. ರುದ್ರವ್ವ ಹೊಸ ಹಾಡು ಕೇಳುವವಳಂತೆ ಕಿವಿಗೊಟ್ಟಳು.

"ಇದನ್ನ ನಾ ಹಾಡ್ತಿದ್ನೇನ?"

"ದಿನಾ ಹಾಡ್ತಿದ್ದಿ."

"ನಂಗ ಯಾರೂ ಹಿಂಗ ಹಾಡಿದ್ದಿಲ್ಲ ನೋಡು," ಎನ್ನುತ್ತ ರುದ್ರವ್ವ ಮಗಳ ಹೆಗಲಿಗೆ ತಲೆಯಿಟ್ಟಳು. "ನಿಲ್ಲಸಬ್ಯಾಡ."