ಎಲ್ಲರಿಗೂ ಒಂದೇ ಚಾನೆಲ್

“ಕಂಟ್ರೋಲ್, ಕಂಟ್ರೋಲ್! ನಾ ಆಂಬುಲೆನ್ಸ್ ಖಾಸಿಂಸಾಬ ಮಾತಾಡಾಕ ಹತ್ತೀನ್ರಿ. ಡೋಣಿ ಊರಿನ ದಾರ್ಯಾಗ ಉಳ್ಳಾಗಡ್ಡಿ ಟ್ರ್ಯಾಲಿ ಅಡ್ಡ ಬಿದ್ದೈತಿ. ಗಾಡ್ಯಾಗ ಹೆಣ್ಮಗಳು ಹೆರಿಗಿ ಬ್ಯಾನಿ ತಿನ್ನಾಕ ಹತ್ಯಾಳ. ಜಲ್ದಿ ಯಾರನ್ನರ ಕಳಸ್ರಿ!”

ಗದಗಿನ ಕಂಟ್ರೋಲ್ ರೂಮಿನಲ್ಲಿ ಕಾಂಚನಾ ಕುರ್ಚಿಯ ತುದಿಗೆ ಜಾರಿದಳು. ಪೊಲೀಸ್, ಅಗ್ನಿಶಾಮಕ, ಅರಣ್ಯ, ಆಂಬುಲೆನ್ಸ್, ಎಲ್ಲರೂ ಒಂದೇ ವೈರ್‌ಲೆಸ್ ಚಾನೆಲ್ಲಿನಲ್ಲಿ ಮಾತಾಡುವುದು ಅಂದೇ ಶುರುವಾಗಿತ್ತು. ಅದಕ್ಕಾಗಿ ಅವಳು ವರ್ಷವಿಡೀ ಕಾಡಿ, ಬೇಡಿ, ಜಗಳಾಡಿದ್ದಳು. “ಒಂದು ಕೆಲಸ ಕೆಟ್ರೂ ಸಾಕು, ಮತ್ತ ಅವರವರ ಚಾನೆಲ್ ಅವರವರಿಗಿ” ಎಂದು ಮೇಲಧಿಕಾರಿ ಯಮನೂರಪ್ಪ ಬೆಳಿಗ್ಗೆಯೇ ಮುಖ ಗಂಟು ಹಾಕಿಕೊಂಡು ಹೇಳಿದ್ದರು.

ಅವಳು ಬಾಯಿ ತೆರೆಯುವ ಮೊದಲೇ ಉತ್ತರ ಬಂತು.

“ಬೆಂಕಿ ಗಾಡಿ ನೀಲಪ್ಪ, ಹೊಂಟ್ವಿ!”

“ಪೊಲೀಸ್ ಜೀಪು, ನಾವೂ ಹೊಂಟ್ವಿ!”

“ಅರಣ್ಯದವ್ರು. ನಾವು ಗುಡ್ಡದ ಮ್ಯಾಲ ಅದೀವಿ, ಇಳದು ಬಂದ್ವಿ!”

ಕಾಂಚನಾಗೆ ಎದ್ದು ಕುಣಿಯಬೇಕೆನಿಸಿತು. ಮೊದಲಾಗಿದ್ದರೆ ಒಂದೊಂದು ಇಲಾಖೆಗೂ ಫೋನು ಹಚ್ಚಿ, ಅವರು ಉಂಡು ಕೈ ತೊಳೆದು ಫೋನೆತ್ತುವಷ್ಟರಲ್ಲಿ ಕೂಸಿನ ಹೆಸರಿಡುವ ಕಾರ್ಯವೇ ಮುಗಿದಿರುತ್ತಿತ್ತು!

ಸ್ವಲ್ಪ ಹೊತ್ತಿಗೆ ಮತ್ತೆ ಖಾಸಿಂಸಾಬ. “ಟ್ರ್ಯಾಲಿ ದೂಡಿ ಬದಿಗಿ ಹಾಕಿದ್ರು, ಮೇಡಂ.”

“ಮತ್ತ ಹೊಡೀರಿ ಗಾಡಿ!”

“ಎಲ್ಲಿಗಿ ಹೊಡೀಲ್ರಿ? ಎದುರಿಗಿ ಬೆಂಕಿ ಗಾಡಿ, ಅದರ ಹಿಂದ ಪೊಲೀಸ್ ಜೀಪು, ಅದರ ಹಿಂದ ಅರಣ್ಯದವ್ರದು. ಎಡಕ್ಕ ಬಲಕ್ಕ ಹಸೀ ಎರಿ ಹೊಲ. ಇಳದ್ರ ಗಾಲಿ ಹುಗೀತಾವು.”

ಕಾಂಚನಾಳ ಸಿಟ್ಟು ನೆತ್ತಿಗೇರಿತು. “ನೀಲಪ್ಪಣ್ಣ, ಹಿಂದ ಸರೀರಿ!”

“ಹಿಂದ ಪೊಲೀಸ್ನವ್ರು ನಿಂತಾರವ್ವ. ಅವರಿಗಿ ಹೇಳು.”

“ಅರಣ್ಯದವ್ರು ಸರದ್ರ ನಾವು ಸರೀತೀವ್ರಿ.”

“ನಮ್ಮ ಗುಡ್ಡದ ದಾರ್ಯಾಗ ನಾವ್ಯಾಕ ಹಿಂದ ಸರೀಬೇಕ್ರಿ? ಇವರನ್ನ ಕರದವ್ರು ಯಾರು?”

ಆಮೇಲೆ ಮೂವರೂ ಒಟ್ಟಿಗೇ ಮಾತಾಡುವ ಗುಂಡಿ ಒತ್ತಿದರು. ಕರಕರ ಸದ್ದು ಬಿಟ್ಟರೆ ಏನೂ ಕೇಳದಾಯಿತು.

“ಬಾಯಿ ಮುಚ್ರಿ ಎಲ್ಲಾರೂ!” ಕಾಂಚನಾ ಮೇಜು ಗುದ್ದಿದಳು. “ಅಲ್ಲಿ ಒಬ್ಬಾಕಿ ಜೀವ ಹಿಡಕೊಂಡು ಮಲಗ್ಯಾಳ, ನಿಮಗ ಇಲ್ಲಿ ಹಟ! ಯಾರು ಮೊದಲ ಸರೀತೀರಿ, ಅವರೊಬ್ಬರ ಮಾತಾಡ್ರಿ!”

ಎಲ್ಲ ಗಪ್ಪಾಯಿತು. ಬೆಳಗಿನಿಂದ ಅವಳು ಕೈಮುಗಿದು ಕೇಳಿದ್ದ ಶಿಸ್ತು ಈಗ ಬಂದಿತ್ತು. ಸರಿಯುತ್ತೇವೆ ಎಂದವರು ಮಾತ್ರ ಒಬ್ಬರೂ ಇಲ್ಲ.

ಆಗ ಆಂಬುಲೆನ್ಸಿನ ಗುಂಡಿ ಒತ್ತಿದ ಸದ್ದಾಯಿತು. ಹಸಿಗೂಸಿನ ಅಳುವೊಂದು ಗದಗ, ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರದ ವೈರ್‌ಲೆಸ್ ಡಬ್ಬಿಗಳಲ್ಲೆಲ್ಲ ಒಮ್ಮೆಲೇ ಮೊಳಗಿತು.

“ತಾಯಿ, ಕೂಸು ಇಬ್ಬರೂ ಅರಾಮ ಅದಾರ್ರಿ” ಎಂದ ಖಾಸಿಂಸಾಬ, ಅಳುತ್ತಲೋ ನಗುತ್ತಲೋ. “ದವಾಖಾನಿ ಒಂದು ಮುಟ್ಟಸಬೇಕು.”

“ಸರದ್ವಿ!”

“ನಾವೂ ಸರದ್ವಿ, ತಡೀಬ್ಯಾಡ್ರಿ!”

“ಅಯ್ಯ, ನಾವು ಆಗಲೇ ಹೈವೇ ತನಕ ಹಿಂದ ಬಂದೀವ್ರಿ!”

ಆಂಬುಲೆನ್ಸು ಓಡಿತು. ಖಾಸಿಂಸಾಬ ಖುಷಿಗೆ ಮತ್ತೊಮ್ಮೆ ಗುಂಡಿ ಒತ್ತಿ ಹಿಡಿದ. ಕೂಸು ಇನ್ನೂ ಜೋರಾಗಿ ಒದರುತ್ತಿತ್ತು. ಅದೇ ಹೊತ್ತಿಗೆ ಯಮನೂರಪ್ಪ ಬಾಗಿಲು ದೂಡಿಕೊಂಡು ಒಳಗೆ ಬಂದರು.

“ಯಾರದು, ಹೆಸರು ಹೇಳದೇ ಚಾನೆಲ್ಲಿನ್ಯಾಗ ಒದರಾಕ ಹತ್ತಿದವ್ರು?”

“ಹೊಸ ಸಾಹೇಬ್ರು ಬಂದಾರ್ರಿ, ಸರ್” ಎಂದಳು ಕಾಂಚನಾ, ಕಣ್ಣೊರೆಸಿಕೊಳ್ಳುತ್ತ. “ನಾ ಹೇಳಿದ್ದಕ್ಕ ಒಂದು ಗಾಲಿ ಅಲುಗಲಿಲ್ಲ. ಇವರು ಒಂದ ಸಲ ಬಾಯಿ ತಗದ್ರು ನೋಡ್ರಿ, ಮೂರು ಇಲಾಖೆ ಹಿಂದ ಸರದ್ವು.”